ಅವ್ವನ ಕರಡಿಗೆಯ ಬೆನ್ನು

ಆಗ ಹೊಸಪೇಟೆಯಲ್ಲಿ ಎಸಿ ಹಾಕಿಸುತ್ತಿದ್ದದ್ದು ಮನುಷ್ಯರಿಗಲ್ಲ, ಕಂಪ್ಯೂಟರಿಗೆ. ನಮ್ಮ ವರ್ಕ್‌ಶಾಪಿನ ಅಟ್ಟದ ಮೇಲೆ ಗಾಜಿನ ಗೂಡೊಂದು ಕಟ್ಟಿಸಿ, ಅದಕ್ಕೆ ಎಸಿ ಕೂಡಿಸಿ, ಒಳಗೆ ಒಂದೇ ಒಂದು ಕಂಪ್ಯೂಟರ್ ಇಟ್ಟಿದ್ದರು ಸಾವ್ಕಾರರು. ಅದರ ಮುಂದೆ ಕೂರುವವಳು ನಾನು, ಹಾಗಾಗಿ ಅದರ ಪುಣ್ಯದಲ್ಲಿ ನನಗೂ ತಂಪು. ಕೆಳಗೆ ಲೇತು, ವೆಲ್ಡಿಂಗಿನ ಗದ್ದಲದಲ್ಲಿ ಗಂಡಸರು ಬೆವರು ಸುರಿಸುತ್ತ, ಬೈದಾಡುತ್ತ, ಒಬ್ಬರ ಡಬ್ಬಿಗೆ ಒಬ್ಬರು ಕೈಹಾಕಿ ಉಣ್ಣುತ್ತಿದ್ದರು. ನಾನು ಮೇಲೆ ಗಾಜಿನೊಳಗೆ ಒಬ್ಬಳೇ ಉಣ್ಣುತ್ತಿದ್ದೆ. "ನಿಮಗೇನ್ರಿ ಮೇಡಂ, ದಿನಾ ಊಟಿ" ಅಂತ ಛೇಡಿಸೋರು. ಊಟಿಯಂತೆ ಊಟಿ. ಒಂದು ದಿನ ಬಂದು ಕೂತು ನೋಡಬೇಕಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಬಾಯಿ ಬಿಡುವ ಪ್ರಸಂಗವೇ ಇಲ್ಲ. ಸಂಜೆ ಮನೆಗೆ ಹೋಗಿ "ಅವ್ವಾ" ಅಂದರೆ ನನ್ನ ದನಿ ನನಗೇ ಯಾರದೋ ಅನಿಸೋದು.

ಗಣಿಯ ಅಬ್ಬರದ ಕಾಲ ಅದು. ಸಂಡೂರಿನ ರಸ್ತೆ ತುಂಬ ಟಿಪ್ಪರು. ಒಗೆದು ಒಣಹಾಕಿದ ಬಟ್ಟೆ ಸಂಜೆಗೆ ಅದಿರಿನ ಧೂಳಿಗೆ ಕೆಂಪಗಾಗಿರೋದು. ಕೆಮ್ಮಿದರೆ ಕರವಸ್ತ್ರವೂ ಕೆಂಪು. ಎಲ್ಲರ ಕೈಯಲ್ಲೂ ಕೆಲಸ, ಎಲ್ಲರಿಗೂ ಅವಸರ. ದೋಣಿಮಲೈ ಕಡೆ, ವಡ್ಡು ಕಡೆ ಅದಿರು ತೊಳೆಯುವ ಪಂಪುಗಳು ಬೇಗ ಬೇಗ ಸವೆದು ಹೋಗುತ್ತಿದ್ದವು. ಅವುಗಳ ಬಿಡಿಭಾಗ ಎರಕ ಹೊಯ್ಯಲು ಮೊದಲು ಒಂದು ಮರದ ಅಚ್ಚು ಬೇಕು. ಆ ಅಚ್ಚಿನ ಆಕಾರವನ್ನು ನಾನು ಕಂಪ್ಯೂಟರಿನಲ್ಲಿ ಮಾಡಿಕೊಡಬೇಕು, ಕೆಳಗಿನ ಮಶಿನ್ನು ಅದನ್ನು ನೋಡಿಕೊಂಡು ಕೆತ್ತುತ್ತದೆ.

ಈ ಕೆಲಸದಲ್ಲಿ ಜೀವ ತಿನ್ನುವುದು ಒಂದೇ, ಎರಡು ಮೈಗಳನ್ನು ಕೂಡಿಸೋದು. ಒಂದು ಕಡೆ ಚೌಕ ಬಾಯಿ, ಇನ್ನೊಂದು ಕಡೆ ದುಂಡನೆ ಕೊಳವೆ ಅಂತಿಟ್ಟುಕೊಳ್ಳಿ. ಈ ಅಂಚು ಒತ್ತು, ಆ ಅಂಚು ಒತ್ತು, "ಬ್ಲೆಂಡ್" ಅಂತ ಹೇಳು, ನಡುವೆ ಹೊಸದೊಂದು ಮೈ ಹುಟ್ಟುತ್ತದೆ. ಹುಟ್ಟುವುದೇನೋ ಹುಟ್ಟುತ್ತದೆ. ಅದು ಎರಡಕ್ಕೂ ಬರೀ ತಾಗಿಕೊಂಡಿದೆಯೋ, ಹೊಂದಿಕೊಂಡಿದೆಯೋ ಅನ್ನೋದು ಬೇರೆ ಮಾತು. ಬರೀ ತಾಗಿದ್ದರೆ ಕೂಡಿದ ಕಡೆ ಏಣು, ಅಂದರೆ ಚೂಪು ಅಂಚು, ಉಳಿಯುತ್ತದೆ. ಏಣು ತೆಗೆದರೂ ಬಾಗು ಅಲ್ಲಿ ಥಟ್ಟನೆ ಬದಲಾದರೆ ತಪ್ಪು ಹಾಗೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಕಾಣದಿದ್ದರೇನು, ಅದಿರಿನ ಕೆಸರಿಗೆ ಕಾಣುತ್ತದೆ. ಸರಿಯಾಗಿ ಅಲ್ಲೇ ಉಜ್ಜಿ ಉಜ್ಜಿ ತೂತು ಬೀಳಿಸುತ್ತದೆ.

ಆ ತಪ್ಪು ಹಿಡಿಯಲಿಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಉಪಾಯವಿತ್ತು. ಒಂದು ಬಟನ್ ಒತ್ತಿದರೆ ಇಡೀ ಮೈಮೇಲೆ ಕಪ್ಪು ಬಿಳಿ ಪಟ್ಟೆ ಬೀಳೋವು. ಪಟ್ಟೆ ಎಲ್ಲೂ ಮುರಿಯದೆ ಹರಿದುಹೋದರೆ ಕೆಲಸ ಪಾಸು. ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಅವ್ವನ ಹಣೆಯ ವಿಭೂತಿಯೂ ಹಾಗೇ ಇತ್ತು. ಬಾಯಲ್ಲಿ ಒಂದು ಮಾತು ಹೇಳೋಳಲ್ಲ, ಮನಸ್ಸಿನಲ್ಲಿ ಏನಾದರೂ ಇದ್ದರೆ ಆ ಮೂರು ಗೆರೆ ಸೊಟ್ಟಗಾಗುತ್ತಿದ್ದವು.

ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಅಪ್ಪ ನಾನು ಸಣ್ಣಾಕಿ ಇದ್ದಾಗಲೇ ಲಿಂಗೈಕ್ಯನಾಗಿದ್ದ. ಅವ್ವನ ತವರು ಕಂಪ್ಲಿ ಹತ್ತಿರದ ಮೆಟ್ರಿ, ಅಲ್ಲಿ ಅಣ್ಣತಮ್ಮಂದಿರ ಗದ್ದೆ, ನೀರು, ತುಂಬಿದ ಮನೆ ಎಲ್ಲ ಇತ್ತು. ಅಲ್ಲಿಗೆ ಹೋಗಿ ಕೂತುಕೊಳ್ಳಲಿಲ್ಲ ಅವಳು. ಹೊಸಪೇಟೆಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಅವ್ವನ ರೊಟ್ಟಿಯ ಸಪ್ಪಳ ಕೇಳಿ ನಮ್ಮ ಓಣಿಯವರು ಹೊತ್ತು ತಿಳಿದುಕೊಳ್ಳುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೇಲೆ ಅವ್ವನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿದೆವು. ಎದೆ ತೆಗೆದರು. ಅವತ್ತಿನಿಂದ ಅವ್ವ ನನ್ನ ಮುಂದೆ ಸೀರೆ ಬದಲಿಸುವುದನ್ನು ಬಿಟ್ಟಳು. ಇರುವುದು ಒಂದು ಕೋಣೆ. "ನೀರು ಬಂದ್ವೇನು ನೋಡಿ ಬಾ" ಅಂತ ನನ್ನನ್ನು ನಲ್ಲಿಗೆ ಅಟ್ಟಿ ಬಾಗಿಲು ಹಾಕಿಕೊಳ್ಳೋಳು. ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಖಾಲಿ ಕೊಡ ಹಿಡಿದು ನಿಂತು ವಾಪಸ್ ಬರುತ್ತಿದ್ದೆ.

ನಮ್ಮಲ್ಲಿ ಕೊರಳಲ್ಲಿ ಕಟ್ಟಿದ ಲಿಂಗ ಮೈಮೇಲಿಂದ ಇಳಿಸುವ ಮಾತಿಲ್ಲ. ಬೆಳಗ್ಗೆ ಪೂಜೆಗೆ ಅಂಗೈಗೆ ಬರುತ್ತದೆ, ಪೂಜೆ ಮುಗಿದರೆ ಮತ್ತೆ ಕರಡಿಗೆ ಅನ್ನೋ ಪುಟ್ಟ ಗೂಡಿನೊಳಗೆ, ಎದೆಯ ಮೇಲೆ. ಆಪರೇಶನ್ನಿಗೆ ಕರೆದೊಯ್ಯುವಾಗ ನರ್ಸಮ್ಮ ಬಿಚ್ಚಿಡಿ ಅಂದದ್ದಕ್ಕೆ ಅವ್ವ ಮಂಚದ ಮೇಲೆ ಎದ್ದು ಕೂತು, "ತೋಳಿಗೆ ಕಟ್ರಿ, ಇಲ್ಲಂದ್ರ ನಾ ಒಳಗ ಬರಂಗಿಲ್ಲ" ಅಂತ ಹಟ ಹಿಡಿದಿದ್ದಳು. ಕಟ್ಟಿದರು. ಅವಳ ಬೆಳ್ಳಿ ಕರಡಿಗೆ ಅವಳ ಅವ್ವನದು. ಮುಂದೆ ಹೂಬಳ್ಳಿಯ ಕೆತ್ತನೆ, ಎರಡೂ ತುದಿಗೆ ಚೂಪು ಮೂತಿ, ಬೆನ್ನು ಬಳಕೆಯಲ್ಲಿ ಸವೆದು ಅಂಚು ಎದ್ದಿತ್ತು.

ಅಂಥವಳು ಒಂದು ಬೆಳಗ್ಗೆ ಬೋಳು ಕೊರಳಲ್ಲಿ ಒಲೆಯ ಮುಂದೆ ಕೂತಿದ್ದಳು. ಕರಡಿಗೆ ದೇವರ ಜಗಲಿಯ ಮೇಲಿತ್ತು.

"ಮರ್ತಿಯೇನು?"

"ಹೂಂ. ಮರ್ತೆ."

ವಿಭೂತಿ ಸೊಟ್ಟಗಾಯಿತು. ಸುಳ್ಳು. ಆಮೇಲೆ ಗಮನಿಸಿದೆ. ನಡೆಯುವಾಗ ಒಂದು ಕೈ ಸದಾ ಸೆರಗಿನೊಳಗೆ, ಕರಡಿಗೆಯನ್ನು ಎತ್ತಿ ಹಿಡಿದೇ ಇರುತ್ತಿದ್ದಳು. ರೊಟ್ಟಿ ಬಡಿಯಲಿಕ್ಕೆ ಎರಡೂ ಕೈ ಬೇಕಲ್ಲ, ಅದಕ್ಕೇ ಆ ಹೊತ್ತಿಗೆ ಬಿಚ್ಚಿ ಇಡುತ್ತಿದ್ದಳು. ಬಿಚ್ಚಿ ಇಟ್ಟ ದಿನವೆಲ್ಲ ತಪ್ಪು ಮಾಡಿದವಳಂತೆ ಇರೋಳು.

"ಚುಚ್ಚತೈತೇನವ್ವಾ?"

"ಹೊಲಿಗಿ ಮ್ಯಾಲ ಕುಂದರ್ತೈತಿ" ಅಂದಳು, ಅಷ್ಟೇ.

ಅರಿವೆಯಲ್ಲಿ ಕಟ್ಟಿಕೋ ಅಂದೆ. ಕಟ್ಟಿ ನೋಡಿದ್ದಳಂತೆ. ಒಲೆಯ ಕಾವಿಗೆ ಬೆವರಿ ಅರಿವೆ ಗಾಯಕ್ಕೆ ಅಂಟಿಕೊಳ್ಳುತ್ತದಂತೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಊರ ಪಂಪುಗಳಿಗೆಲ್ಲ ಉಜ್ಜದಂತೆ, ತಿನ್ನದಂತೆ ಮೈ ಮಾಡಿಕೊಡುವವಳು ನಾನು, ಅವ್ವನ ಎದೆಯ ಮೇಲೆ ಕೂರುವ ಒಂದು ಬೆಳ್ಳಿ ತುಣುಕಿಗೆ ಮಾಡಿಕೊಡಲಿಕ್ಕೆ ಆಗುವುದಿಲ್ಲವೇನು? ಮುಂದಿನ ಹೂಬಳ್ಳಿ ಹಾಗೇ ಇರಲಿ. ಚೂಪು ಮೂತಿ ತೆಗೆದು, ಬೆನ್ನು ಹೊಸದು ಮಾಡಿ, ಬೆನ್ನಿಗೂ ಮುಂಭಾಗಕ್ಕೂ ನಡುವೆ ಬ್ಲೆಂಡ್ ಹಾಕಿದರೆ ಆಯಿತು. ಬೆನ್ನು ಅವಳ ಮೈಯ ಮೇಲೆ ಮೈಯಂತೆ ಕೂರಬೇಕು. ಅದಕ್ಕೆ ಆ ಮೈ ಹೇಗಿದೆ ಅಂತ ನನಗೆ ಗೊತ್ತಿರಬೇಕು.

"ಗಾಯದ ಜಾಗ ತೋರಸು" ಅಂದೆ.

"ಹುಚ್ಚಿ ಹಂಗ ಮಾತಾಡಬ್ಯಾಡ."

"ನನಗ ಹಾಲು ಕುಡಿಸಿದ ಎದಿ, ನನಗ ತೋರಸಾಕ ನಾಚಿಕಿಯೇನು?"

"ಅದು ಈಗ ಇಲ್ಲ" ಅಂದಳು ಅವ್ವ.

ಆಮೇಲೆ ಎಷ್ಟೋ ದಿನ ಆ ಮಾತು ಎತ್ತಲಿಲ್ಲ. ಮಾತೇ ಕಡಿಮೆಯಾಯಿತು. ಹಗಲೆಲ್ಲ ಗಾಜಿನೊಳಗೆ ಒಬ್ಬಳೇ, ಸಂಜೆ ಅವ್ವನ ಎದುರು ಕೂತು ಉಣ್ಣುವಾಗಲೂ ಒಬ್ಬಳೇ. ಅವ್ವ ಒಂದು ಕೈಯಲ್ಲಿ ಕರಡಿಗೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಡಿಸೋಳು.

ಒಂದು ರಜಾದ ಬೆಳಗ್ಗೆ ನಲ್ಲಿಗೆ ಅಟ್ಟಿದಳು. ಹೋದೆ, ನಿಂತೆ, ಬಂದೆ. ಬಾಗಿಲು ತೆರೆದಾಗ ಕೈಯಲ್ಲಿ ಒಂದು ತಾಟು ಹಿಡಿದು ನಿಂತಿದ್ದಳು, ಮೇಲೆ ಒದ್ದೆ ಅರಿವೆ ಮುಚ್ಚಿತ್ತು.

"ತಗೋ. ನೋಡಬ್ಯಾಡ, ಅಳತಿ ಅಷ್ಟ ತಗೋ."

ಅರಿವೆ ಎತ್ತಿದರೆ ಹಿಟ್ಟು. ದಪ್ಪಗೆ ತಟ್ಟಿ ಎದೆಗೆ ಒತ್ತಿಕೊಂಡು ತೆಗೆದಿದ್ದಳು. ನಾನು ಮುಖ ನೋಡಿದೆ. ಅವಳು ನನ್ನ ಮುಖ ನೋಡದೆ ಹಿಟ್ಟಿನ ಮಾತು ತೆಗೆದಳು. "ಗೋಧಿ ಹಿಟ್ಟು ಒತ್ತಿದ್ರ ವಾಪಸ್ ಏಳತೈತಿ. ಜ್ವಾಳದ್ದು ಎಸರು ಹಾಕಿ ನಾದೀನಿ. ಒತ್ತಿದಂಗ ಕುಂತೈತಿ. ಒಣಗಿದ್ರ ಬಿರೀತೈತಿ, ಜಲ್ದಿ ಮಾಡು."

ಊಟದ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ. ಆಗ ಊರಲ್ಲಿ ದುಡ್ಡು ಬಂದವರೆಲ್ಲ ಮನೆ ಕಟ್ಟಿಸಿ ಒಳಗೆ ಪಿಓಪಿಯ ಹೂವಿನ ಛಾವಣಿ ಮಾಡಿಸುತ್ತಿದ್ದರು. ವರ್ಕ್‌ಶಾಪಿನ ಪಕ್ಕದಲ್ಲೇ ಅಂಥದ್ದೊಂದು ಮನೆ ಏಳುತ್ತಿತ್ತು. ಅಲ್ಲಿಯ ಕೆಲಸದವರ ಹತ್ತಿರ ಒಂದು ಬೊಗಸೆ ಪುಡಿ ಕೇಳಿ ತಂದು, ಕಲಸಿ ಹಿಟ್ಟಿನ ಅಚ್ಚಿನೊಳಗೆ ಹೊಯ್ದೆ. ರಜಾ ದಿನವಾದರೂ ಅರ್ಜೆಂಟ್ ಕೆಲಸಕ್ಕೆ ಬಂದಿದ್ದ ಕೆಳಗಿನವರು, "ಮೇಡಂ, ಡಬ್ಬ್ಯಾಗ ಏನ್ರಿ, ಹೋಳಿಗಿಯೇನು?" ಅಂದರು. ನಾನು ಡಬ್ಬಿಯನ್ನು ಅವಚಿಕೊಂಡು ಮೆಟ್ಟಿಲು ಹತ್ತಿದೆ.

ಗಟ್ಟಿಯಾದ ಮೇಲೆ ಹಿಟ್ಟು ಬಿಡಿಸಿದರೆ ಬೆಳ್ಳಗಿನ, ಅಂಗೈಗಿಂತ ದೊಡ್ಡದೊಂದು ತುಂಡು. ಅದರ ಮೇಲೆ ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ಪ್ರತಿ ಗೆರೆ ಕೂಡಿದ ಕಡೆಯ ಎತ್ತರ ಅಳೆದು ಕಂಪ್ಯೂಟರಿಗೆ ತುಂಬಿದೆ. ಮರುದಿನವೂ ಅದೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬಿಂದುಗಳೆಲ್ಲ ಕೂಡಿ ಒಂದು ಮೈ ಆಯಿತು. ಅದನ್ನು ಮೆಲ್ಲಗೆ ತಿರುಗಿಸಿದೆ. ಎದೆಯ ನಡುವಿನಿಂದ ಕಂಕುಳ ಕಡೆಗೆ ಓರೆಯಾಗಿ ಏರಿದ ಹೊಲಿಗೆಯ ದಿಣ್ಣೆ. ಅದರ ಕೆಳಗೆ ಮೊದಲು ಏನಿತ್ತೋ ಅಲ್ಲಿ ತೆಗ್ಗು. ನನ್ನ ಅವ್ವ ನನಗೆ ತೋರಿಸದ್ದನ್ನು ನಾನು ಎಸಿಯಲ್ಲಿ ಕೂತು ಪರದೆಯ ಮೇಲೆ ನೋಡುತ್ತಿದ್ದೆ. ಅತ್ತೆ. ಗಾಜಿನ ಗೂಡಿನಲ್ಲಿ ಅತ್ತರೆ ಕೆಳಗಿನವರಿಗೆಲ್ಲ ಕಾಣುತ್ತದೆ, ಹಾಗಾಗಿ ಮಾನಿಟರಿನ ಹಿಂದೆ ತಲೆ ಬಗ್ಗಿಸಿ ಅತ್ತೆ.

ಅಷ್ಟರಲ್ಲಿ ಸಾವ್ಕಾರರು ಬಂದರು. ಹಣೆ ಒರೆಸಿಕೊಳ್ಳುತ್ತ ಎಸಿಗೆ ಮುಖ ಕೊಟ್ಟು ನಿಂತು, ಪರದೆ ನೋಡಿದರು.

"ಇದ್ಯಾವ ಪಂಪಿಂದಮ್ಮಾ?"

"ಹೊಸದ್ರಿ."

"ಭಾಳ ತೆಗ್ಗು ದಿಣ್ಣಿ ಐತಲ್ಲ. ಸಾಫ್ ಮಾಡಿಬಿಡ್ರಿ."

ಒಳ್ಳೆಯ ಮನುಷ್ಯ. ಅವರಿಗೆ ಏನು ಗೊತ್ತು. ಅವರು ಹೋದ ಮೇಲೆ ಪಟ್ಟೆಯ ಬಟನ್ ಒತ್ತಿದೆ. ಹೊಲಿಗೆಯ ಮೇಲೆ ಪಟ್ಟೆ ಸೊಟ್ಟಗಾದವು, ಅದು ಗೊತ್ತಿದ್ದದ್ದೇ. ಆದರೆ ಹೊಲಿಗೆಯಿಂದ ಸ್ವಲ್ಪ ಮೇಲೆ, ಸಪಾಟಾಗಿ ಇರಬೇಕಾದ ಕಡೆ, ಪಟ್ಟೆಗಳು ಸುತ್ತಿಕೊಂಡು ಒಂದು ಸಣ್ಣ ಬಳೆಯಾಗಿದ್ದವು. ಅಳತೆ ತಪ್ಪಿರಬೇಕು ಅಂತ ಮತ್ತೆ ಅಳೆದೆ. ತಪ್ಪಿರಲಿಲ್ಲ. ಪಿಓಪಿ ತುಂಡಿನ ಮೇಲೆ ಬೆರಳಾಡಿಸಿದರೆ ಒಂದು ಇಷ್ಟೇ ಇಷ್ಟು ಉಬ್ಬು, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಹಿಟ್ಟಿಗೆ ಅವ್ವನ ಬೆರಳು ಒತ್ತಿರಬಹುದು ಅಂದುಕೊಂಡೆ. ಅದನ್ನು ಸಾಪು ಮಾಡಲಿಕ್ಕೆ ಮೌಸಿನ ಒಂದು ಒತ್ತು ಸಾಕಿತ್ತು. ಪಟ್ಟೆ ಯಾಕೆ ಮುರಿದಿದೆ ಅಂತ ತಿಳಿಯದೆ ನಾನು ಯಾವತ್ತೂ ಸಾಪು ಮಾಡುವವಳಲ್ಲ. ಡಬ್ಬಿ ತೆಗೆದುಕೊಂಡು ಉಣ್ಣದೆ ಮನೆಗೆ ಹೋದೆ.

ಅವ್ವ ಒಲೆಯ ಮುಂದಿದ್ದಳು. ಕೊರಳು ಬೋಳು, ಕರಡಿಗೆ ಜಗಲಿಯ ಮೇಲೆ.

"ಅವ್ವಾ, ಹಿಟ್ಟು ಒತ್ತುವಾಗ ಬೆರಳೇನಾದ್ರೂ ತಾಗಿತ್ತೇನು?"

"ಎಲ್ಲಿ?" ಅಂದಳು ಬಡಿಯುತ್ತಲೇ.

ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವ್ವ ತಿರುಗಿ ನೋಡಿದಳು. ಸಪ್ಪಳ ನಿಂತಿತು.

"ಅದು ಬೆರಳಲ್ಲ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ತೆಗೆಯಲಿಲ್ಲ.

"ಯಾವಾಗಿಂದ?"

"ದೀಪಾವಳಿ ಹೊತ್ತಿಗೆ ಕಡ್ಲಿಕಾಳಷ್ಟಿತ್ತು."

"ಈಗ?"

"ನಿನ್ನ ಕಂಪ್ಯೂಟರನ್ಯಾಗ ಎಷ್ಟು ಕಂಡ್ತು?"

ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕರಡಿಗೆ ಚುಚ್ಚುತ್ತಿದ್ದದ್ದು ಹೊಲಿಗೆಗಲ್ಲ, ಈ ಹೊಸ ಗಂಟಿಗೆ. ಇಷ್ಟು ದಿನ ಒಂದೇ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಮಲಗಿ ಎದ್ದು, ಒಂದು ಮಾತು ಹೇಳಲಿಲ್ಲ. ನಾನೇನು ಪರಕೀಯಳೇನು, ಬಾಡಿಗೆಗೆ ಇದ್ದೀನೇನು, ಅಂದೆ. ಅವ್ವ ಕೈಯ ಹಿಟ್ಟು ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಹೇಳಾಕ ಬಾಯಿ ಬರಲಿಲ್ಲ" ಅಂದಳು. "ಹಿಟ್ಟಿನ್ಯಾಗ ಬೀಳ್ತೈತಿ ಅಂತ ಗೊತ್ತಿತ್ತು. ಗೊತ್ತಿದ್ದೇ ಒತ್ತೀನಿ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ನಾಳೆಯೇ ಹುಬ್ಬಳ್ಳಿಗೆ ಹೋಗೋಣ ಅಂದೆ. ಬರುತ್ತೇನೆ ಅಂದಳು. ಆದರೆ ಲಿಂಗವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬರುವುದಿಲ್ಲವಂತೆ, ಕೊರಳಲ್ಲಿ ಕಟ್ಟಿಕೊಂಡೇ ಬರುವುದಂತೆ.

"ಮೊದಲು ಅದನ್ನ ಮಾಡಿ ಮುಗಸು. ಅದಕ್ಕೂ ಜಾಗ ಬಿಡು."

"ಯಾವುದಕ್ಕ?"

"ಆ ಗಂಟಿಗೆ. ಅದೂ ನನ್ನ ಮೈಯಾಗಿಂದ ಬಂದದ್ದ ಅಲ್ಲೇನು?"

ಮರುದಿನ ಸಾವ್ಕಾರರಿಗೆ ಎಲ್ಲ ಹೇಳಿದೆ. ಅವರು ಪರದೆಯನ್ನು ಇನ್ನೊಮ್ಮೆ ನೋಡಿ, ಥಟ್ಟನೆ ಮುಖ ತಿರುಗಿಸಿ, "ಪಂಪಿನ ಕೆಲಸ ಬಿಡ್ರಿ, ಮಶಿನ್ ನಿಮಗ ಬೇಕಾದಷ್ಟು ಹೊತ್ತು ಇಟಗೋರಿ" ಅಂದು ಕೆಳಗಿಳಿದು ಹೋದರು. ನಾನು ಕೂತೆ. ಬೆನ್ನಿನ ಮೈ ಅವ್ವನ ಮೈಯಿಂದ ತೆಗೆದೆ. ಹೊಲಿಗೆಯ ದಿಣ್ಣೆಗೆ ಒಂದು ತಗ್ಗು ಓಣಿ ಬಿಟ್ಟೆ. ಗಂಟಿರುವ ಕಡೆ ಅದಕ್ಕಿಂತ ಸ್ವಲ್ಪ ದೊಡ್ಡದು ಒಂದು ಕುಳಿ. ಕುಳಿಯ ಅಂಚು ಬೆನ್ನಿಗೆ ಕೂಡುವ ಕಡೆ ಏಣು ಉಳಿದರೆ ಮಾಡಿದ್ದೆಲ್ಲ ದಂಡ. ತಾಗಿಸುವುದು ಸುಲಭ, ಅದು ಕ್ಷಣದ ಕೆಲಸ. ಹೊಂದಿಸುವುದಕ್ಕೆ ಹೊತ್ತು ಹಿಡಿಯಿತು. ಈ ಕಡೆ ಸಡಿಲ ಬಿಟ್ಟರೆ ಆ ಕಡೆ ಉಬ್ಬೋದು, ಆ ಕಡೆ ಎಳೆದರೆ ಹೂಬಳ್ಳಿಯ ಅಂಚಿನಲ್ಲಿ ಪಟ್ಟೆ ಮುರಿಯೋದು. ಎಷ್ಟು ಸಲ ಅಳಿಸಿದೆನೋ. ಕೊನೆಗೆ ಪಟ್ಟೆಗಳು ಮುಂಭಾಗದಿಂದ ಇಳಿದು, ಅಂಚು ಸುತ್ತಿ, ಬೆನ್ನಿಗೆ ಬಂದು, ಕುಳಿಯೊಳಗೆ ಇಳಿದು ಎದ್ದು ಹೊರಟುಹೋದವು. ಎಲ್ಲೂ ಮುರಿಯಲಿಲ್ಲ. ಅಷ್ಟು ಚಂದದ ಮೈ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕರೆದು ತೋರಿಸೋಣವೆಂದರೆ ಯಾರಿದ್ದರು?

ಅವ್ವ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕರಡಿಗೆ ಕೊಟ್ಟಳು. ಅದನ್ನೂ ಮಶಿನ್ನು ಕೆತ್ತಿಕೊಟ್ಟ ಅಚ್ಚನ್ನೂ ತೆಗೆದುಕೊಂಡು ಕಂಪ್ಲಿಗೆ ಹೋದೆ. ಅಲ್ಲಿ ಅವ್ವನ ತವರಿನವರಿಗೆ ಬೆಳ್ಳಿ ಬಂಗಾರ ಮಾಡಿಕೊಡುವ ಪತ್ತಾರರಿದ್ದರು, ವಯಸ್ಸಾದವರು. ಹಳೆಯ ಬೆನ್ನು ಬಿಡಿಸಿ, ಹೊಸ ತಗಡನ್ನು ಅಚ್ಚಿನ ಮೇಲೆ ಬಡಿದು ಕೂಡಿಸಿದರು. ಕುಳಿಯ ಮೇಲೆ ಹೆಬ್ಬೆರಳಾಡಿಸಿ, "ಇಲ್ಲಿ ತೆಗ್ಗು ಬಿದ್ದೈತಲ್ಲ ತಂಗಿ, ಬಡಿದು ಸಮ ಮಾಡ್ಲೇನು?" ಅಂದರು.

"ಬ್ಯಾಡ್ರಿ. ಇರ್ಲಿ. ಬೇಕಂತನ ಬಿಟ್ಟೀನಿ."

ಅವರು ನನ್ನ ಮುಖ ನೋಡಿದರು. ಉಜ್ಜಿ ಹೊಳಪು ಕೊಟ್ಟು ಕೈಗಿಟ್ಟರು.

ಅವ್ವ ನನ್ನನ್ನು ನಲ್ಲಿಗೆ ಅಟ್ಟಿ ಬಾಗಿಲು ಹಾಕಿಕೊಂಡಳು. ವಾಪಸ್ ಬಂದಾಗ ಹೊರಗೆ ಬಂದು ನಿಂತಿದ್ದಳು. ಸೆರಗಿನೊಳಗೆ ಕೈ ಇರಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟುಕೊಂಡು, ಅವುಗಳನ್ನು ಏನು ಮಾಡಬೇಕೋ ತಿಳಿಯದವಳ ಹಾಗೆ ನಿಂತಿದ್ದಳು. "ಕುಂದರ್ತೈತಿ" ಅಂದಳು. ಮರುದಿನ ಹುಬ್ಬಳ್ಳಿಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಸಣ್ಣಾಕಿ ಇದ್ದಾಗ ಹಿಡಿದದ್ದು ಬಿಟ್ಟರೆ ಆಮೇಲೆ ಹಿಡಿದ ನೆನಪಿಲ್ಲ ನನಗೆ.

ಡಾಕ್ಟರು ಕತ್ತರಿಸುವ ಮಾತು ಆಡಲಿಲ್ಲ. ಗುಳಿಗೆ ಬರೆದುಕೊಟ್ಟು, ನನ್ನನ್ನು ಬೇರೆ ಕೂರಿಸಿ ನಿಧಾನಕ್ಕೆ ಮಾತಾಡಿದರು. ಆಮೇಲೆ ಅವ್ವ ಎರಡು ಸುಗ್ಗಿ ಕಂಡಳು. ಕೈಲಾಗುವವರೆಗೆ ರೊಟ್ಟಿ ಬಡಿದಳು, ಕರಡಿಗೆ ಎದೆಯ ಮೇಲಿಟ್ಟುಕೊಂಡೇ ಬಡಿದಳು. ಕೊನೆಕೊನೆಗೆ ಗಂಟಿಗೆ ಆ ಕುಳಿ ಸಾಲದಾಯಿತು. ಇನ್ನೊಂದು ಬೆನ್ನು ಮಾಡುತ್ತೇನೆ, ಮತ್ತೆ ಹಿಟ್ಟು ಒತ್ತಿಕೊಡು ಅಂದೆ.

"ಸಾಕು ಬಿಡಲೇ" ಅಂದಳು ಅವ್ವ. "ಎಷ್ಟಂತ ಜಾಗ ಬಿಡ್ತಿ."

ಮೆಟ್ರಿಯ ಹೊಲದಲ್ಲಿ ಮಣ್ಣು ಮಾಡಿದೆವು. ಮೈ ತೊಳೆಯುವಾಗ ತವರಿನ ಹೆಂಗಸರ ಜೊತೆ ನಾನೂ ಕೂತೆ. ನೋಡಬ್ಯಾಡ ಅಂದಿದ್ದಳು. ನಾನು ಮುಖ ಆ ಕಡೆ ತಿರುಗಿಸಿಕೊಂಡು ತೊಳೆದೆ. ಎಲ್ಲಿ ದಿಣ್ಣೆ, ಎಲ್ಲಿ ತೆಗ್ಗು, ಕೈಗೆ ಎಲ್ಲ ಗೊತ್ತಿತ್ತು. ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು ಮಣ್ಣಿನಲ್ಲಿ ಕೂರಿಸಿದರು. ಖಾಲಿ ಕರಡಿಗೆಯನ್ನು ಮಠದ ಅಯ್ಯನವರು ನನ್ನ ಕೈಗೆ ಕೊಟ್ಟರು.

ಗಣಿ ನಿಂತಿತು, ವರ್ಕ್‌ಶಾಪು ಮುಚ್ಚಿತು, ಆ ಕಂಪ್ಯೂಟರು ಯಾವ ಗುಜರಿಗೆ ಹೋಯಿತೋ ಗೊತ್ತಿಲ್ಲ. ನಾನು ಈಗಲೂ ಅದೇ ಕೋಣೆಯಲ್ಲಿದ್ದೇನೆ. ನನ್ನ ಲಿಂಗ ಅವ್ವನ ಕರಡಿಗೆಯಲ್ಲಿದೆ. ಮುಂಭಾಗ ಅಜ್ಜಿಯದು, ಬೆನ್ನು ಅವ್ವನ ಅಳತೆಯದು, ನನಗೆ ಸರಿಯಾಗಿ ಕೂರುವುದಿಲ್ಲ. ಕರಗಿಸಿ ಬೇರೆ ಮಾಡಿಸಿಕೋ ಅಂತ ಮಾವಂದಿರು ಹೇಳುತ್ತಲೇ ಇರುತ್ತಾರೆ. ಬೇಸಿಗೆಯಲ್ಲಿ ಆ ಕುಳಿಯಲ್ಲಿ ಬೆವರು ನಿಲ್ಲುತ್ತದೆ. ಹೆಬ್ಬೆರಳು ಹಾಕಿ ಒರೆಸಿಕೊಳ್ಳುತ್ತೇನೆ.